ಬಿಳಿ ಮುಖದ ಕರುಗಳು

ಅಕ್ಟೋಬರ್‌ನ ಆ ಬೆಳಿಗ್ಗೆ ಮರ್ವ್‌ನ ಹುಲ್ಲುಗಾವಲಿನಲ್ಲಿ ಮತ್ತೊಂದು ಬಿಳಿ ಮುಖದ ಕರು ಹುಟ್ಟಿತು. ಮೈಯೆಲ್ಲ ಕಪ್ಪು, ಮುಖ ಮಾತ್ರ ಸುಣ್ಣ ಬಳಿದಷ್ಟು ಬಿಳಿ. ತಾರನಾಕಿ ಸೀಮೆಯಲ್ಲಿ ಹಾಲಿನ ಹಸು ಇಂಥ ಕರು ಹಾಕಿದರೆ ಹಿಗ್ಗದವನು ರೈತನೇ ಅಲ್ಲ. ಬಿಳಿ ಮುಖವೆಂದರೆ ಅದರಪ್ಪ ಮಾಂಸದ ತಳಿಯಾದ ಹೆರಿಫರ್ಡ್ ಹೋರಿ ಎಂಬುದಕ್ಕೆ ಹೊಡೆದ ಮೊಹರು. ಮಾಂಸಕ್ಕೆ ಸಾಕುವವರು ನಾ ಮುಂದು ತಾ ಮುಂದು ಎಂದು ಒಳ್ಳೆಯ ಬೆಲೆ ಕೊಟ್ಟು ಒಯ್ಯುತ್ತಾರೆ. ಆ ಮೊಹರಿಲ್ಲದ ಗಂಡುಕರುವಿಗೆ ರಸ್ತೆಬದಿಯ ಮರದ ದೊಡ್ಡಿಯೇ ಗತಿ. ನಾಲ್ಕು ದಿನ ತುಂಬಿದರೆ ಕಸಾಯಿಖಾನೆಯ ಲಾರಿ ಬಂದು ತುಂಬಿಕೊಂಡು ಹೋಗುತ್ತದೆ.

ಮರ್ವ್ ಹಿಗ್ಗಲಿಲ್ಲ. "ಹಾಳಾದ್ದೇ, ನೀನೂ ಬಂದ್ಯಾ?" ಎಂದು ಕರುವನ್ನು ಬೈದ. ರಸ್ತೆಯಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಅದನ್ನೆತ್ತಿ ಹಿಂದುಗಡೆಯ ಹಳೇ ಶೆಡ್ಡಿಗೆ ಒಯ್ದ. ಅಲ್ಲಿ ಆಗಲೇ ಬಿಳಿ ಮುಖಗಳ ಒಂದು ಹಿಂಡೇ ಇತ್ತು. ಬಾಗಿಲು ತೆಗೆದ ಕೂಡಲೇ ಎಲ್ಲವೂ ಒಟ್ಟಿಗೆ ಅವನ ಕಡೆ ತಿರುಗಿದವು. ಅವನಿಗೆ ಅವುಗಳ ಮುಖ ನೋಡಲಾಗಲಿಲ್ಲ. ಐವತ್ತೆಂಟು ವರ್ಷದ ಗಂಡಸು, ಕರುಗಳಿಗೆ ಮುಖ ತೋರಿಸಲು ನಾಚಿ ನೆಲ ನೋಡುತ್ತ ನಿಂತ.

ಮಾಡಿದ ಕೆಲಸವೂ ಹಾಗೇ ಇತ್ತು ಬಿಡಿ.

ಪಕ್ಕದ ಜಮೀನಿನ ಮೋರೆಹು ಹೆರಿಫರ್ಡ್ ಹೋರಿಗಳನ್ನು ಸಾಕಿ ಡಿಸೆಂಬರ್‌ನಲ್ಲಿ ಸುತ್ತಲಿನ ಹಾಲಿನವರಿಗೆ ಬಾಡಿಗೆಗೆ ಕೊಡುತ್ತಿದ್ದ. ಹೋದ ವರ್ಷ ಮೊದಲ ಸಲ ಹೊರಗೆ ಬಿಟ್ಟ ಹೋರಿ ಬಿಷಪ್. ಎಳೆಗರುವಾಗಿದ್ದಾಗ ತಂದು, ಬಾಟಲಿ ಹಾಲು ಕುಡಿಸಿ ಬೆಳೆಸಿದ್ದು. ಶಿಳ್ಳೆ ಹಾಕಿದರೆ ಬೇಲಿವರೆಗೆ ಓಡಿಬಂದು ಕತ್ತು ಕೆರೆಸಿಕೊಳ್ಳುವಂಥದ್ದು. ಅದನ್ನು ಮರ್ವ್‌ನ ಹಿಂಡಿಗೆ ಮಾತ್ರ ಕೊಟ್ಟ. ಈ ವರ್ಷ ಸೆಪ್ಟೆಂಬರ್ ಕೊನೆಗೆ ಕರುಗಳು ಹುಟ್ಟತೊಡಗಿದವು, ಒಂದರ ಹಿಂದೊಂದು, ಎಲ್ಲವೂ ಮಾಸಲು ಕಂದು. ಬಿಳಿ ಮುಖ ಒಂದಕ್ಕೂ ಇಲ್ಲ. ಹೆಂಡತಿ ನೋಲೀನ್ ಮಗಳ ಬಾಣಂತನಕ್ಕೆಂದು ನೆಲ್ಸನ್ ಪಟ್ಟಣಕ್ಕೆ ಹೋಗಿದ್ದಳು. ಒಬ್ಬನೇ ಹಗಲಿರುಳು ಹಸುಗಳ ಹೆರಿಗೆ ಮಾಡಿಸಿ, ಕರು ಎಳೆದೂ ಎಳೆದೂ ಮರ್ವ್‌ನ ತಲೆ ಕೆಟ್ಟಿತ್ತು. ಶನಿವಾರ ರಗ್ಬಿ ಕ್ಲಬ್ಬಿಗೆ ಹೋದವನು, ತುಂಬಿದ ಜನರ ನಡುವೆ ಗ್ಲಾಸು ಎತ್ತಿ ಹಿಡಿದು ಕೂಗಿದ.

"ಏನಯ್ಯಾ ಮೋರೆಹು, ನಿನ್ನ ಬಿಷಪ್ಪು ಹೆಸರಿಗೆ ಮಾತ್ರ ಹೆರಿಫರ್ಡಾ? ಅವರಮ್ಮ ಯಾವ ಬೇಲಿ ಹಾರಿದ್ಲೋ ಹೋಗಿ ವಿಚಾರಿಸ್ಕೋ!"

ಕ್ಲಬ್ಬಿಗೆ ಕ್ಲಬ್ಬೇ ಬಿದ್ದು ಬಿದ್ದು ನಕ್ಕಿತು. ನಗು ಸಿಕ್ಕಿದ್ದೇ ಇವನು ಮತ್ತೂ ಏರಿದ. "ಕಲಬೆರಕೆ ಹೋರಿ ಕೊಟ್ಟು ನನ್ನ ವರ್ಷ ಹಾಳು ಮಾಡಿದೆ. ಇವನ ಹತ್ರ ಯಾರೂ ಹೋರಿ ತಗೋಬೇಡಿ, ಹೇಳಿದೀನಿ!"

ಮೋರೆಹು ಜಗಳಕ್ಕೆ ಬರಲಿಲ್ಲ. "ನೀನೇ ಹೇಳ್ತಿದೀಯಾ ಅಂದ್ರೆ... ನೋಡ್ತೀನಿ ಮರ್ವ್," ಎಂದಷ್ಟೇ ಹೇಳಿ, ಬಿಯರ್ ಅರ್ಧಕ್ಕೇ ಬಿಟ್ಟು ಎದ್ದು ಹೋದ.

ಮರುದಿನ ನೋಲೀನ್ ಬಂದಳು. ಚೀಲ ಇಳಿಸಿ ಕರುಗಳನ್ನು ನೋಡಲು ಹೋದವಳು, "ಅಯ್ಯೋ, ಎಲ್ಲಾ ನಮ್ಮ ಜರ್ಸಿ ಹುಡುಗರವೇ!" ಎಂದು ನಕ್ಕಳು.

"ಯಾವ ಜರ್ಸಿ?"

"ಹೋದ ಡಿಸೆಂಬರ್‌ನಲ್ಲಿ ನೀನು ನಿನ್ನ ತಮ್ಮನ ದೋಣೀಲಿ ಮೀನು ಹಿಡಿಯೋಕೆ ಹೋಗಿರ್ಲಿಲ್ವಾ? ಆಗ ಬಿಷಪ್ ಕುಂಟ್ತಿದ್ದ. ಅವನನ್ನ ಬೇರೆ ಇಟ್ಟು ನಮ್ಮ ಜರ್ಸಿ ಹೋರಿಗಳನ್ನ ಬಿಟ್ಟೆ. ನೀನು ಬರೋಷ್ಟರಲ್ಲಿ ಅವನ ಕಾಲು ನೆಟ್ಟಗಾಗಿತ್ತು, ಮತ್ತೆ ಅವನನ್ನೇ ಬಿಟ್ಟೆ. ಫೋನಲ್ಲಿ ಎಲ್ಲಾ ಹೇಳಿದ್ನಲ್ಲ! ಹೂಂ ಹೂಂ ಒಳ್ಳೇದಾಯ್ತು ಅಂದೆ ನೀನು."

ಹೂಂ ಅಂದದ್ದು ಮರ್ವ್‌ಗೆ ನೆನಪಿತ್ತು. ಯಾತಕ್ಕೆ ಅಂದದ್ದೆಂದು ಮಾತ್ರ ಕೇಳಿಸಿಕೊಂಡೇ ಇರಲಿಲ್ಲ. ಗಾಳಕ್ಕೆ ಮೀನು ಸಿಕ್ಕಿತ್ತು ಆಗ. ಕ್ಲಬ್ಬಿನಲ್ಲಿ ತಾನು ಆಡಿದ್ದನ್ನು ಅವನು ಹೇಳಿದಾಗ ನೋಲೀನ್‌ಳ ನಗು ಹಾರಿಹೋಯಿತು. "ಈಗಲೇ ಎದ್ದು ಹೋಗಿ ಹೇಳು ಅವನಿಗೆ."

"ನಾಳೆ ಹೇಳ್ತೀನಿ."

ನಾಳೆ ಹೋಗಲಿಲ್ಲ, ನಾಡಿದ್ದೂ ಹೋಗಲಿಲ್ಲ. ಅಷ್ಟರಲ್ಲಿ ಬಿಷಪ್‌ನ ಸರದಿಯ ಕರುಗಳು ಹುಟ್ಟತೊಡಗಿದವು. ಪ್ರತಿಯೊಂದಕ್ಕೂ ಬಿಳಿ ಮುಖ! ದೇವರೇ, ಒಂದಾದರೂ ತಪ್ಪಬಾರದೇ? ಕೊಳ್ಳುವವರು ಬಂದು ನೋಡಿದರೆ ಸುದ್ದಿ ಸಂಜೆಯೊಳಗೆ ಊರೆಲ್ಲ ಹಬ್ಬುತ್ತದೆಂದು ಅವನು ಎಲ್ಲವನ್ನೂ ಶೆಡ್ಡಿಗೆ ಸಾಗಿಸಿದ. ಪೇಟೆಗೆ ಹೋಗುವಾಗ ಮೋರೆಹುವಿನ ಗೇಟು ತಪ್ಪಿಸಿ ಸುತ್ತು ದಾರಿ ಹಿಡಿದ. ಒಂದು ದಿನ ಎದುರಿಗೆ ಟ್ರಾಕ್ಟರಿನಲ್ಲಿ ಬಂದ ಮೋರೆಹು ಎಂದಿನಂತೆ ಕೈ ಎತ್ತಿದಾಗ ರೇಡಿಯೋ ತಿರುಗಿಸುವವನಂತೆ ತಲೆ ಬಗ್ಗಿಸಿದ. ಆಮೇಲೆ ಗಾಡಿ ಬದಿಗೆ ನಿಲ್ಲಿಸಿ, "ಥೂ, ನನ್ನ ಜನ್ಮಕ್ಕಿಷ್ಟು," ಎಂದುಕೊಂಡ. ಅನ್ನುವುದೇನೋ ಅಂದ. ಗಾಡಿ ತಿರುಗಿಸಲಿಲ್ಲ.

ಆ ಬೆಳಿಗ್ಗೆ ಹೊಸ ಕರುವನ್ನು ಹುಲ್ಲಿನ ಮೇಲೆ ಮಲಗಿಸುತ್ತಿದ್ದಾಗ ನೋಲೀನ್ ಬಾಗಿಲಲ್ಲಿ ಬಂದು ನಿಂತಳು. ಕರುಗಳು ಮಾರಾಟವಾದವೆಂದು ಅವನು ಅವಳಿಗೂ ಸುಳ್ಳು ಹೇಳಿದ್ದ.

"ಕಳ್ಳಮಾಲಿನ ಹಾಗೆ ಬಚ್ಚಿಟ್ಟಿದೀಯಲ್ಲೋ!" ಎಂದಳು. "ಅವನ ಹೆಸರು ಕೆಡಿಸೋಕೆ ಬಾಯಿತ್ತು, ಈಗೆಲ್ಲಿ ಹೋಯ್ತು ಆ ಬಾಯಿ?"

"ಜನ ಏನಂತಾರೆ ನೋಲೀನ್..."

"ಅವನನ್ನ ಅಂದಾಗ ಜನ ನಕ್ಕಿದ್ದು ಚೆನ್ನಾಗಿತ್ತಲ್ಲ? ನಿನ್ನನ್ನೂ ನೋಡಿ ನಗಲಿ." ತಾನೇ ಒಂದು ಬಿಳಿ ಮುಖದ ಕರುವನ್ನು ಎತ್ತಿ ಗಾಡಿಯ ಹಿಂದೆ ಹಾಕಿ, ಕೀಲಿ ಅವನ ಕೈಗೆ ತುರುಕಿದಳು. "ಹೇಳೋಕೆ ಬಾಯಿ ಬರ್ದೇ ಇದ್ರೆ ಇದನ್ನ ತೋರ್ಸು."

ಮೋರೆಹು ಅಂಗಳದಲ್ಲೇ ಇದ್ದ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿ, ಎಲ್ಲಿಗೋ ಹೊರಟು ನಿಂತಿದ್ದ. ಮರ್ವ್ ಗಾಡಿಯಿಂದ ಇಳಿದು ಬಾಯಿ ತೆರೆಯುವ ಮೊದಲೇ ಬಂದು ಅವನ ಎರಡೂ ಕೈ ಹಿಡಿದುಕೊಂಡ.

"ನಿಮ್ಮನೆಗೇ ಹೊರಟಿದ್ದೆ ಕಣೋ ಮರ್ವ್. ಎಲ್ಲರ ಮನೆಗೂ ಹೋಗಿ ಬಂದೆ, ನಿನ್ನದೊಂದೇ ಉಳಿದಿತ್ತು. ನಿನ್ನ ಹತ್ರ ಬರೋಕೆ ಬಹಳ ನಾಚಿಕೆ ಆಗಿತ್ತಪ್ಪಾ, ಅದಕ್ಕೇ ಕೊನೇಗೆ ಇಟ್ಕೊಂಡೆ."

"ಏನು... ಯಾತಕ್ಕೆ?"

"ಈ ವರ್ಷ ಬಿಷಪ್‌ನನ್ನ, ಅದೇ ಕಡೆಯಿಂದ ತಂದ ಅವನ ತಮ್ಮಂದಿರನ್ನ ಕೊಡ್ತೀನಿ ಅಂತ ಮಾತು ಕೊಟ್ಟಿದ್ನಲ್ಲ, ಅವರ ಹತ್ರ ಎಲ್ಲಾ ಕ್ಷಮೆ ಕೇಳ್ದೆ. ಕಲಬೆರಕೆ ಅಂತ ನನಗೆ ಗೊತ್ತಿರ್ಲಿಲ್ಲ, ನನಗೂ ಯಾರೋ ಮೋಸ ಮಾಡಿದಾರೆ ಅಂದೆ. ನೀನು ಇಷ್ಟು ವರ್ಷದಿಂದ ದನ ಸಾಕಿದವನು, ಸುಳ್ಳು ಯಾಕೆ ಹೇಳ್ತೀಯಾ? ಹೋದ ಗುರುವಾರ ಎಲ್ಲಾ ಹೋರಿಗಳನ್ನೂ ಕಸಾಯಿಖಾನೆ ಲಾರಿಗೆ ಹತ್ತಿಸಿಬಿಟ್ಟೆ. ಬಿಷಪ್ ಹತ್ತೋಕೇ ಒಪ್ಲಿಲ್ಲ. ಕೊನೇಗೆ ನಾನೇ ಒಳಗೆ ನಿಂತು ಶಿಳ್ಳೆ ಹಾಕ್ದೆ. ಬಂದ." ಅವನು ಹಿಡಿದ ಕೈಗಳನ್ನು ಇನ್ನೂ ಬಿಗಿ ಮಾಡಿದ. "ನಿನ್ನ ವರ್ಷ ಹಾಳಾಯ್ತು ನನ್ನಿಂದ. ಮನಸ್ಸಲ್ಲಿ ಇಟ್ಕೋಬೇಡ ಮಾರಾಯಾ."

ಮರ್ವ್ ಅವನ ಭುಜದಾಚೆ ನೋಡಿದ. ಬೇಲಿಯಾಚೆ ಹುಲ್ಲು ಮೊಣಕಾಲುದ್ದ ಬೆಳೆದಿತ್ತು, ತಿನ್ನುವವರಿರಲಿಲ್ಲ. ಗಾಡಿಯ ಹಿಂದೆ ಕರು ಅಂಬಾ ಎಂದಿತು.

ಮೋರೆಹು ಕೈ ಬಿಟ್ಟು ಹಿಂದೆ ಹೋಗಿ ನೋಡಿದ. ಬೆರಳಿನಿಂದ ಅದರ ಬಿಳಿ ಹಣೆ ಸವರಿದ.

"ಯಾವಾಗ ಹುಟ್ಟಿತು ಇದು?"

"ಎರಡು ವಾರ ಆಯ್ತು," ಎಂದ ಮರ್ವ್. "ಇಂಥವು ಇನ್ನೂ ಇವೆ. ಕಂದು ಕರುಗಳು ನನ್ನ ಜರ್ಸಿ ಹೋರಿಗಳವು. ನನಗೆ ಗೊತ್ತಾಗಿತ್ತು ಮೋರೆಹು. ಅವತ್ತಿನ ಮರುದಿನಾನೇ ಗೊತ್ತಾಗಿತ್ತು." ಹೊಡೆದುಬಿಡಲಿ ಎಂದು ಕಾದು ನಿಂತ.

ಮೋರೆಹು ಹೊಡೆಯಲಿಲ್ಲ, ಬೈಯಲಿಲ್ಲ. ಸುತ್ತಿ ಬಂದು ಗಾಡಿಯ ಮುಂದಿನ ಸೀಟಿನಲ್ಲಿ ಕುಳಿತು ಬಾಗಿಲು ಹಾಕಿಕೊಂಡ.

"ನಡಿ. ನಾನು ಹೋದ ಮನೆಗೆಲ್ಲ ಈಗ ನೀನು ಹೋಗ್ಬೇಕು. ಮೊದಲು ಡಂಕನ್ ಮನೆ."

ಡಂಕನ್‌ನ ಮನೆಯ ಮುಂದೆ ಮರ್ವ್ ಒಬ್ಬನೇ ಇಳಿದು ಬಾಗಿಲು ತಟ್ಟಿದ. ಡಂಕನ್ ಹೊರಬಂದವನೇ ಅವನನ್ನು ಕಂಡು ನಕ್ಕ. "ಏನಯ್ಯಾ ಮರ್ವ್, ಬಿಷಪ್ಪಿಂದು ಇನ್ನೇನು ಹೊಸ ಸಮಾಚಾರ?"

ಮರ್ವ್ ಗಾಡಿಯ ಕಡೆ ತಿರುಗಿ ನೋಡಿದ. ಮರ್ವ್ ಅವಮಾನಪಡುವುದು ತನ್ನ ಕಣ್ಣಿಗೆ ಬೀಳದಿರಲೆಂದು ಮೋರೆಹು ಮುಖವನ್ನು ಆ ಕಡೆಯ ಕಿಟಕಿಗೆ ತಿರುಗಿಸಿಕೊಂಡು ಕುಳಿತಿದ್ದ.

"ನಾನು ಹೇಳಿದ್ದು ಸುಳ್ಳು ಡಂಕನ್," ಎಂದ ಮರ್ವ್, ಗಾಡಿಯವರೆಗೂ ಕೇಳಿಸುವಷ್ಟು ಗಟ್ಟಿಯಾಗಿ.