ಮುಕುಂದನ ಮಂದ್ರ

ರೇಣುವಿಗೆ ಆ ವಾದ್ಯದ ಹುಚ್ಚು ಹಿಡಿದದ್ದು ನಲವತ್ತು ದಾಟಿದ ಮೇಲೆ. ಮೈಸೂರಿನಲ್ಲಿ ಹುಡುಗಿಯಾಗಿದ್ದಾಗ ಪಿಟೀಲು ಕಲಿತು, ಮದುವೆಯಾಗಿ ನ್ಯೂಜೆರ್ಸಿಗೆ ಬಂದ ಮೇಲೆ ಅದನ್ನು ಮರೆತೇಬಿಟ್ಟಿದ್ದವಳು ಒಂದು ಭಾನುವಾರ ಪ್ರಿನ್ಸ್‌ಟನ್ನಿನ ಚರ್ಚೊಂದರಲ್ಲಿ ನಾನೂರು, ಐನೂರು ವರ್ಷ ಹಳೆಯ ಯೂರೋಪಿನ ಸಂಗೀತ ಕೇಳಿ ಬಂದಳು. ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು, ಕಮಾನನ್ನು ಅಂಗೈ ಮೇಲಾಗಿ ಹಿಡಿದು ನುಡಿಸುವ ವಯೋಲ್ ಎಂಬ ವಾದ್ಯ ಅವಳ ತಲೆ ಹೊಕ್ಕಿತು. ಮೊದಲು ಬಾಡಿಗೆಗೆ ತಂದಳು, ಆಮೇಲೆ ಕೊಂಡೇಬಿಟ್ಟಳು. ಔಷಧ ಕಂಪನಿಯಲ್ಲಿ ದಿನವಿಡೀ ಅಂಕಿಅಂಶ ನೋಡಿ ಬಂದವಳು ಸಂಜೆ ಅದನ್ನು ಅಪ್ಪಿ ಕೂತಳೆಂದರೆ ಕುಕ್ಕರ್ ಕೂಗಿದ್ದೂ ಕೇಳಿಸುತ್ತಿರಲಿಲ್ಲ.

ಅವಳ ಗಂಡ ಮುಕುಂದ ಮಾನ್ಮತ್ ಜಂಕ್ಷನ್ನಿನ ಮನೆಯಿಂದ ಪಾರ್ಸಿಪನಿಯ ಆಫೀಸಿಗೆ ಡ್ರೈವ್ ಮಾಡುತ್ತ ಅರ್ಧ ಆಯುಷ್ಯ ಕಳೆದವನು. ಮಗ ಇಶಾನ್ ಕಾಲೇಜಿಗೆಂದು ಬಾಸ್ಟನ್ನಿಗೆ ಹೋದ ಮೇಲೆ ಶನಿವಾರಗಳು ಅವನಿಗೆ ಉದ್ದವಾದವು. ಶನಿವಾರ ಮಧ್ಯಾಹ್ನ ರೇಣುವಿನ ಬಳಗ ಅವರ ಮನೆಯ ಬೇಸ್‌ಮೆಂಟಿನಲ್ಲೇ ಸೇರುತ್ತಿತ್ತು. ಹೈಸ್ಕೂಲಿನಲ್ಲಿ ಸಂಗೀತ ಕಲಿಸಿ ನಿವೃತ್ತನಾದ ಟೋನಿ, ಅವನ ಹೆಂಡತಿ, ಇಲ್ಲೇ ಹುಟ್ಟಿ ಬೆಳೆದ ಗಾರ್ಗಿ ಎಂಬ ಹುಡುಗಿ. ಮುಕುಂದ ಅವರಿಗೆಲ್ಲ ಕಾಫಿ ತಂದುಕೊಟ್ಟು ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದ. ಒಬ್ಬರು ಎತ್ತಿದ ಸಾಲನ್ನು ಇನ್ನೊಬ್ಬರು ಕೊಂಚ ತಡೆದು ಎತ್ತಿಕೊಳ್ಳುತ್ತಿದ್ದರು, ಮತ್ತೊಬ್ಬರು ಅದರ ಮೇಲೆ. ಈ ಸಂಗೀತದಲ್ಲಿ ಯಾರೂ ಮುಖ್ಯರಲ್ಲ, ಯಾರೂ ಪಕ್ಕವಾದ್ಯದವರಲ್ಲ ಎಂದು ಟೋನಿ ಒಮ್ಮೆ ಹೇಳಿದ. ಆ ಮಾತು ಮುಕುಂದನಿಗೆ ತುಂಬ ಹಿಡಿಸಿತು. ಹಾಗಾದರೆ ತಾನೂ ಅಲ್ಲಿ ಕೂರಬಹುದಲ್ಲ ಅನ್ನಿಸಿತು.

ರೇಣುವಿಗೆ ಹೇಳದೆ ಅವನು ರೆಕಾರ್ಡರ್ ಕಲಿತ. ನಮ್ಮ ಕೊಳಲಿನ ಬಂಧುವೇ, ಆದರೆ ನೇರ ಹಿಡಿದು ಊದುವಂಥದ್ದು. ಅದರಲ್ಲೂ ಅವನು ಆರಿಸಿಕೊಂಡದ್ದು ತೋಳುದ್ದದ, ಮಂದ್ರಸ್ಥಾಯಿಯದು. ಊಟದ ಹೊತ್ತಿನಲ್ಲಿ ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಗಾಜೇರಿಸಿ ಊದುತ್ತಿದ್ದ. ಕೊನೆಗೊಂದು ಶನಿವಾರ ವಾದ್ಯ ಹಿಡಿದು ಮೆಟ್ಟಿಲಿಳಿದು ಬಂದಾಗ ಟೋನಿ ಚಪ್ಪಾಳೆ ತಟ್ಟಿ ಕುರ್ಚಿ ಎಳೆದುಕೊಟ್ಟ. ರೇಣು ನಕ್ಕಳು. ಆ ನಗು ಬಾಯಿಯಿಂದ ಮೇಲಕ್ಕೆ ಹೋಗಲಿಲ್ಲವೆಂಬುದನ್ನು ಮುಕುಂದ ಅಂದು ನೋಡಲಿಲ್ಲ.

ಅವನಿಗೆ ಸ್ವರ ಬಂತು, ಲೆಕ್ಕ ಬರಲಿಲ್ಲ. ತನ್ನ ಸರದಿ ಬರುವವರೆಗೆ ಸುಮ್ಮನಿರುವುದೇ ಅವನಿಗೆ ಎಲ್ಲಕ್ಕಿಂತ ಕಷ್ಟವಾಗಿತ್ತು. ಒಮ್ಮೆ ಮೊದಲೇ ನುಗ್ಗುತ್ತಿದ್ದ, ಒಮ್ಮೆ ಎಲ್ಲರೂ ದಾಟಿಹೋದ ಮೇಲೆ ಎದ್ದು ಬರುತ್ತಿದ್ದ. ಎಲ್ಲರೂ ನಿಲ್ಲಿಸಿ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ಯಾರೂ ಒಂದು ಕೆಟ್ಟ ಮಾತಾಡಲಿಲ್ಲ. ಮುಕುಂದನಿಗೆ ಅದು ಜೀವನದ ಅತ್ಯಂತ ಸುಖದ ಕಾಲವಾಗಿತ್ತು.

ಒಂದು ವರ್ಷ ಹೀಗೇ ನಡೆಯಿತು. ಆಮೇಲೆ ರೇಣು, ಟೋನಿಯ ಕೈಬೆರಳುಗಳಿಗೆ ಸಂಧಿವಾತ ಬಂದಿದೆ, ಬಳಗ ನಿಂತಿತು ಎಂದಳು. ತಾನಿನ್ನು ಶನಿವಾರ ಲೈಬ್ರರಿಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ ಎಂದಳು. ಮುಕುಂದ ಬಹಳ ನೊಂದುಕೊಂಡ. ಮೈಸೂರಿನಿಂದ ಬರುವವರ ಕೈಯಲ್ಲಿ ಮಹಾನಾರಾಯಣ ತೈಲ ತರಿಸಿ ಟೋನಿಗೆ ಕೊಡು ಎಂದು ಕೊಟ್ಟ. ರೇಣು ಬಾಟಲಿ ತೆಗೆದುಕೊಂಡು ಹೋದಳು. ಟೋನಿಗೆ ಬಹಳ ಹಿತವಾಯಿತಂತೆ ಎಂದು ಬಂದು ಹೇಳಿದಳು. ಅವಳ ವಯೋಲ್ ಮನೆಯಲ್ಲೇ ಇರುತ್ತಿದ್ದುದರಿಂದ ಅವನಿಗೆ ಅನುಮಾನ ಬರಲಿಲ್ಲ. ಟೋನಿಯ ಮನೆಯಲ್ಲಿ ಅಂಥದೇ ಇನ್ನೊಂದಿತ್ತು ಎಂಬುದು ತಿಳಿದದ್ದು ಆಮೇಲೆ.

ಮುಂದಿನ ವಸಂತದಲ್ಲಿ ಐಸೆಲಿನ್‌ನ ಇಂಡಿಯನ್ ಅಂಗಡಿಯಲ್ಲಿ ಹೀರೇಕಾಯಿ ಆರಿಸುತ್ತಿದ್ದಾಗ ಗಾರ್ಗಿ ಸಿಕ್ಕಳು.

"ಅಂಕಲ್, ಆರ್ ಯೂ ಕಮಿಂಗ್ ಆನ್ ಸಂಡೇ?" ಎಂದಳು.

ಎಲ್ಲಿಗೆ ಎಂದು ಕೇಳಿದ. ನಮ್ಮ ಕಾನ್ಸರ್ಟಿಗೆ ಅಂದವಳು ಅವನ ಮುಖ ನೋಡಿ ಅಲ್ಲೇ ತಡೆದಳು. ಫೋನ್ ಬಂದವಳ ಹಾಗೆ ಮಾಡಿ ಅಕ್ಕಿಚೀಲಗಳ ಸಾಲಿನ ಹಿಂದೆ ಸರಿದುಹೋದಳು.

ಮುಕುಂದ ಕಾರಿನಲ್ಲಿ ಕೂತು ಮಗನಿಗೆ ಫೋನ್ ಮಾಡಿದ. ಅಮ್ಮ ಇನ್ನೂ ಬಳಗದಲ್ಲಿ ನುಡಿಸ್ತಿದಾಳಾ ಎಂದು ಕೇಳಿದ.

"ಡ್ಯಾಡ್, ಐ ಥಾಟ್ ಯೂ ನ್ಯೂ," ಎಂದ ಇಶಾನ್.

ಅಂದು ಮನೆಯಲ್ಲಿ ಅವನು ಏನೂ ಹೇಳಲಿಲ್ಲ. ಭಾನುವಾರ ರೇಣು ಲೈಬ್ರರಿಯಲ್ಲಿ ಮಕ್ಕಳ ಕಾರ್ಯಕ್ರಮವಿದೆಯೆಂದು ಹೊರಟಾಗ ಹ್ಞೂಂ ಎಂದ. ಆಮೇಲೆ ಇಂಟರ್ನೆಟ್ಟಿನಲ್ಲಿ ವಿಳಾಸ ಹುಡುಕಿ, ಪ್ರಿನ್ಸ್‌ಟನ್ನಿನ ಅದೇ ಚರ್ಚಿಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತ.

ಕೆಟ್ಟದಾಗಿದ್ದರೆ ಅವನು ಹೇಗೋ ಸಹಿಸಿಕೊಳ್ಳುತ್ತಿದ್ದ. ಆದರೆ ಅದು ನೀರು ಹರಿದ ಹಾಗಿತ್ತು. ಬೇಸ್‌ಮೆಂಟಿನಲ್ಲಿ ತಾವು ತಡವರಿಸುತ್ತಿದ್ದ ಕೃತಿಯೇ ಅದು, ಆದರೆ ಎರಡರಷ್ಟು ಚುರುಕು. ನಾಲ್ಕು ದನಿ ಒಂದನ್ನೊಂದು ಹಿಡಿದು, ಬಿಟ್ಟು, ಮತ್ತೆ ಹಿಡಿಯುತ್ತಿದ್ದವು. ತನ್ನ ಮಂದ್ರವನ್ನು ಈಗ ರೇಣುವಿನ ವಯೋಲೇ ಹೊತ್ತುಕೊಂಡಿತ್ತು. ಅವಳ ಮುಖದಲ್ಲಿ ಅಂಥ ಬೆಳಕನ್ನು ಅವನು ಮದುವೆಯ ಫೋಟೋಗಳಲ್ಲೂ ಕಂಡಿರಲಿಲ್ಲ.

ಮುಗಿದ ಮೇಲೆ ನೇರ ಟೋನಿಯ ಬಳಿ ಹೋದ. ಟೋನಿ ಅವನ ಕೈಯನ್ನು ಗಟ್ಟಿಯಾಗಿ ಹಿಡಿದು ಕುಲುಕಿದ. ಬೆರಳುಗಳ ನೋವು ಹೇಗಿದೆ, ಎಣ್ಣೆ ಇನ್ನೂ ಇದೆಯಾ ಎಂದು ಮುಕುಂದ ವಿಚಾರಿಸಿದ. ಟೋನಿ ತನ್ನ ಕೈಗಳನ್ನೇ ತಿರುವಿ ನೋಡಿಕೊಂಡ. ಯಾವ ನೋವು, ಯಾವ ಎಣ್ಣೆ, ಅವನಿಗೆ ತಿಳಿಯದು. ಎರಡು ಹೆಜ್ಜೆ ಆಚೆ ರೇಣು ವಾದ್ಯವನ್ನು ಚೀಲಕ್ಕೆ ಇಳಿಸುತ್ತ ತಲೆ ತಗ್ಗಿಸಿ ನಿಂತಿದ್ದಳು.

ಇಬ್ಬರೂ ಬೇರೆಬೇರೆ ಕಾರುಗಳಲ್ಲಿ ಮನೆಗೆ ಬಂದರು. ಅಡುಗೆಮನೆಯಲ್ಲಿ ನಿಂತು ಅವನೇ ಮೊದಲು ಕೇಳಿದ.

"ನೇರವಾಗಿ ಹೇಳಿದ್ರೆ ನಾನು ಬಿಡ್ತಿರ್ಲಿಲ್ವಾ?"

"ಲೆಕ್ಕ ತಪ್ತಿದೆ ಅಂತ ಹೇಳಿದ್ದೆ. ಒಂದ್ಸಲ ಅಲ್ಲ. ಇನ್ನೂ ಪ್ರಾಕ್ಟೀಸ್ ಮಾಡ್ತೀನಿ ಅಂದ್ರಿ."

"ಟೋನಿ ನನ್ನ ಬೇಡ ಅಂದ್ನಾ?"

"ಟೋನಿ ಏನೂ ಅನ್ಲಿಲ್ಲ. ನಾನೇ ಬೇಡ ಅಂದೆ." ರೇಣು ಸಿಂಕಿನ ಕಡೆ ತಿರುಗಿದಳು. "ನಿಮ್ಮ ವೀಸಾದಲ್ಲಿ ಈ ದೇಶಕ್ಕೆ ಬಂದೆ. ನಿಮ್ಮ ಸ್ನೇಹಿತರ ಹೆಂಡತಿಯರೇ ನನಗೂ ಸ್ನೇಹಿತರು. ಇದೊಂದು ನಾನೇ ಹುಡುಕ್ಕೊಂಡಿದ್ದು. ಅಲ್ಲಿಗೂ ಬಂದ್ರಿ. ಬಂದು, ಎಲ್ರೂ ನಿಮಗೋಸ್ಕರ ನಿಧಾನ ಮಾಡ್ಬೇಕಾಯ್ತು."

"ನಿನ್ನ ಜೊತೆ ಇರೋಣ ಅಂತ ಬಂದೆ, ರೇಣು."

"ಗೊತ್ತು. ಅದಕ್ಕೇ ನಿಜ ಹೇಳೋಕಾಗ್ಲಿಲ್ಲ."

ಅವಳು ಅತ್ತಿದ್ದರೆ, ಕ್ಷಮಿಸಿ ಅಂದಿದ್ದರೆ, ಅವನು ಕರಗುತ್ತಿದ್ದನೇನೋ. ಅವಳು ತರಕಾರಿ ಹೆಚ್ಚಲು ಕೂತಳು.

ಅಲ್ಲಿಂದ ಮುಂದೆ ರೇಣು ಮುಚ್ಚುಮರೆಯಿಲ್ಲದೆ ಶನಿವಾರ ಟೋನಿಯ ಮನೆಗೆ ಹೋಗತೊಡಗಿದಳು. ಕೇಳುವುದಕ್ಕಾದರೂ ಬಾ ಎಂದು ಟೋನಿ ಎರಡು ಸಲ ಮೆಸೇಜ್ ಮಾಡಿದ; ಮುಕುಂದ ಉತ್ತರ ಕೊಡಲಿಲ್ಲ. ರೆಕಾರ್ಡರನ್ನು ಮತ್ತೆ ಮುಟ್ಟಲೂ ಇಲ್ಲ.

ಚಳಿಗಾಲ ಶುರುವಾದಾಗ ಟೋನಿಯ ಮಗಳು ಮಕ್ಕಳನ್ನು ಕರೆದುಕೊಂಡು ತವರಿಗೆ ಬಂದು ನಿಂತಳು. ಅಲ್ಲಿ ಬಳಗಕ್ಕೆ ಜಾಗ ಇಲ್ಲದಾಯಿತು. ಕೆಲವು ವಾರ ನಮ್ಮ ಬೇಸ್‌ಮೆಂಟಿನಲ್ಲೇ ಸೇರಬಹುದಾ ಎಂದು ರೇಣು ಕೇಳಿದಳು. ಹಾಗೆ ಕೇಳುವುದು ಅವಳಿಗೆ ಸುಲಭವಾಗಿರಲಿಲ್ಲ ಎಂಬುದು ಅವನಿಗೆ ಕಂಡಿತು. ನೋಡೋಣ ಎಂದ. ಮರುದಿನವೇ ಆಫೀಸಿನಲ್ಲಿ, ಹೊಸದಾಗಿ ಕನ್ಸಲ್ಟೆನ್ಸಿಗೆ ಸೇರಿ ಮನೆ ಹುಡುಕುತ್ತಿದ್ದ ಕುಶಾಲ್ ಎಂಬ ತರುಣನಿಗೆ ತನ್ನ ಬೇಸ್‌ಮೆಂಟ್ ಬಾಡಿಗೆಗೆ ಕೊಡುವುದಾಗಿ ಹೇಳಿದ. ಆ ವಾರ ಮುಗಿಯುವುದರೊಳಗೆ ಕುಶಾಲನ ಮಂಚ, ಮೇಜು, ಎರಡು ಮಾನಿಟರ್ ಕೆಳಗೆ ಬಂದಿದ್ದವು.

ರೇಣು ಜಗಳ ಮಾಡಲಿಲ್ಲ. ಬಾಗಿಲಲ್ಲಿ ನಿಂತು, ಕುಶಾಲ್ ಪೆಟ್ಟಿಗೆ ಇಳಿಸುವುದನ್ನು ನೋಡಿ, ಊಟ ಆಯ್ತಾ ಎಂದು ಆ ಹುಡುಗನನ್ನು ವಿಚಾರಿಸಿದಳು. ಮುಂದಿನ ಸೋಮವಾರ ಪ್ರಿನ್ಸ್‌ಟನ್ನಿನ ಚರ್ಚಿನವರು ಒಂದು ಕೋಣೆ ಕೊಟ್ಟರೆಂದು ತಿಳಿಸಿ ವಯೋಲನ್ನೂ ಅಲ್ಲಿಗೇ ಒಯ್ದಳು. ಈಗ ಅಭ್ಯಾಸ ಕೂಡ ಅಲ್ಲೇ. ಆಫೀಸು ಮುಗಿಸಿ ನೇರ ಅಲ್ಲಿಗೆ ಹೋಗಿ, ರಾತ್ರಿ ಎಂಟಕ್ಕೆ ಮನೆಗೆ ಬರುತ್ತಾಳೆ.

ಸೇಡು ತೀರಿಸಿಕೊಳ್ಳುವ ಭರದಲ್ಲಿ ಮುಕುಂದ ಇದನ್ನು ಎಣಿಸಿರಲಿಲ್ಲ. ಆಫೀಸಿನಿಂದ ಬಂದರೆ ಮನೆಯಲ್ಲಿ ಫ್ರಿಜ್ಜಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಒಂದು ಸಂಜೆ ಕುಶಾಲ್ ಮೇಲೆ ಬಂದು, ಆಂಟಿ ಊರಿಗೆ ಹೋಗಿದಾರಾ ಅಂಕಲ್, ಕಾಣಿಸೋದೇ ಇಲ್ಲ ಎಂದ. ಮುಕುಂದ ಇಲ್ಲಪ್ಪ, ಇಲ್ಲೇ ಇದಾಳೆ ಎಂದು ಹೇಳಿ, ಬಾಗಿಲು ಹಾಕಿಕೊಂಡು, ಒಬ್ಬನಿಗೇ ಅನ್ನಕ್ಕಿಟ್ಟ.