ಅತ್ತೆಗೊಂದು ಸಾಲು

ಗೈಡ್ ಮೇಡಂ ಪೆನ್ಸಿಲಿನಲ್ಲಿ ಒಂದೇ ಗೆರೆ ಎಳೆದು ಅತ್ತೆಯನ್ನು ಪಟ್ಟಿಯಿಂದ ತೆಗೆದುಬಿಟ್ಟರು. ಸೊಸೆಯ ಪಿಎಚ್.ಡಿ. ಪ್ರಬಂಧದ ಕೊನೆಗೆ ಬರುವ ಆಕರಗಳ ಪಟ್ಟಿ ಅದು. ಬರೀ ಮಾತುಕತೆಗೆ ಉಲ್ಲೇಖದ ಈ ಶೈಲಿಯಲ್ಲಿ ಅಲ್ಲಿ ಜಾಗವಿಲ್ಲ, ಅಧ್ಯಾಯದೊಳಗೆ ಕಂಸದಲ್ಲಿ ಹೇಳಿದರೆ ಮುಗಿಯಿತು ಎಂದರು. ಪಟ್ಟಿಯಲ್ಲಿರುವುದು ಓದಿದವರು ಹುಡುಕಿಕೊಂಡು ಹೋದರೆ ಸಿಗಬೇಕಂತೆ.

ಸಿಗುವುದಿಲ್ಲ, ನಿಜ. ಅತ್ತೆ ತೀರಿಕೊಂಡು ಎರಡು ತಿಂಗಳಾಗಿತ್ತು. ಅವಳು ತಲೆಯಾಡಿಸಿದಳು. ಈಚೆಗೆ ಯಾರು ಏನೆಂದರೂ ತಲೆಯಾಡಿಸುವುದೇ ಆಗಿತ್ತು.

"ಕೃತಜ್ಞತೆ ಪುಟದಲ್ಲಿ ಹಾಕಿಬಿಡಮ್ಮ. ಮನೆಯವರೆಲ್ಲ ಅಲ್ಲೇ ತಾನೆ ಇರೋದು?" ಎಂದರು ಮೇಡಂ.

ಮೂರನೇ ಅಧ್ಯಾಯ ಹೆಚ್ಚುಕಮ್ಮಿ ಅತ್ತೆಯದೇ. ದಾಳಿಂಬೆ ಸಿಪ್ಪೆ ಕುದಿಸಿ ಬಟ್ಟೆಗೆ ಬಣ್ಣ ಹಾಕುವುದನ್ನು ಅವರು ಹಂಡೆಯ ಮುಂದೆ ನಿಂತು ಹೇಳಿದ್ದರು, ಇವಳು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳು. ಎಲ್ಲ ಹೇಳಿ ಮುಗಿಸಿ, ಹಂಡೆ ತೊಳೆಯುತ್ತ, ಅದರಲ್ಲಿ ನನ್ನ ಹೆಸರೂ ಬರುತ್ತೇನೇ ಎಂದು ಸುಮ್ಮನೆ ಕೇಳುವವರ ಹಾಗೆ ಕೇಳಿದ್ದರು. ಬರುತ್ತೆ, ಕೊನೇಲಿ, ದೊಡ್ಡದೊಡ್ಡವರ ಸಾಲಲ್ಲಿ ಎಂದು ಇವಳು ಮಾತು ಕೊಟ್ಟಿದ್ದಳು. ಅಡಿಟಿಪ್ಪಣಿ ಶೈಲಿಯಾದರೂ ಸರಿ, ಈ ಕಂಸದ ಶೈಲಿಯಾದರೂ ಸರಿ ಎಂದು ವಿಭಾಗದವರು ಬಿಟ್ಟಾಗ, ಬೇಗ ಕೈತೊಳೆದುಕೊಳ್ಳಬಹುದೆಂದು ಇದನ್ನು ಆರಿಸಿಕೊಂಡವಳೂ ಇವಳೇ.

ಪುಸ್ತಕ ವಾಪಸು ಮಾಡಲು ಹೋದಾಗ ಲೈಬ್ರರಿಯನ್ನರ ಹತ್ತಿರ ಈ ವಿಷಯ ಸುಮ್ಮನೆ ಹೇಳಿದಳು. ಅದಕ್ಕೇನಂತೆ, ರೆಕಾರ್ಡಿಂಗನ್ನು ನಮ್ಮ ಸಂಗ್ರಹಕ್ಕೆ ಕೊಡಿ ಎಂದರು ಅವರು. ಅದಕ್ಕೊಂದು ನಂಬರು ಬೀಳುತ್ತದೆ, ಬಂದವರು ಕೇಳಬಹುದು, ಆಗ ಪಟ್ಟಿಗೂ ಸೇರುತ್ತದೆ. ಮೇಡಂ ಕೂಡ ಹಾಗಾದರೆ ಅಡ್ಡಿಯಿಲ್ಲ ಎಂದರು. ಗಂಡನನ್ನು ಕೇಳಿದ್ದಕ್ಕೆ, ಅಮ್ಮ ನಿನಗೆ ಬೈದದ್ದೂ ಅದರಲ್ಲಿದೆ ತಾನೆ, ಯೋಚನೆ ಮಾಡು ಎಂದ. ಬೇಡವೆನ್ನಲಿಲ್ಲ.

ಕೊಡುವ ಮೊದಲು ಒಮ್ಮೆ ಪೂರ್ತಿ ಕೇಳಬೇಕಿತ್ತು. ಅತ್ತೆ ಹೋದಮೇಲೆ ಅವಳು ಅದನ್ನು ಮುಟ್ಟಿರಲಿಲ್ಲ. ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಅವಳೂ ಲೈಬ್ರರಿಯನ್ನರೂ ಕೂತರು. ಫ್ಯಾನು ಕಿರುಗುಟ್ಟುತ್ತಿತ್ತು. ಅತ್ತೆಯ ದನಿ ಎದ್ದಿತು:

"ಓದಿ ಓದಿ ಅದೇನು ಕಡಿದು ಗುಡ್ಡೆ ಹಾಕ್ತೀಯೋ ನಾ ಕಾಣೆ. ಮಗೂ ಜಡೆ ನೋಡು, ಕಾಗೆ ಗೂಡು. ಹೂಂ, ಕೇಳು. ಮೊದಲು ಬಟ್ಟೆ ನೆನೆಹಾಕಬೇಕು..."

ಲೈಬ್ರರಿಯನ್ ಮುಜುಗರಪಟ್ಟು ನಿಲ್ಲಿಸಿದರು. "ಶುರುವಿನದಷ್ಟು ಕತ್ತರಿಸೋಣ್ವಾ? ಯಾರ್‍ಯಾರೋ ಕೇಳ್ತಾರೆ."

ಈಗಲಾದರೂ ಅಳು ಬರಬಹುದೆಂದು ಅವಳು ಕಾದಳು. ಬರಲಿಲ್ಲ.

"ಬೇಡ, ಇರಲಿ. ಅವರು ಮಾತು ಶುರು ಮಾಡೋದೇ ಹಾಗೆ."

ಮರುದಿನ ಮಧ್ಯಾಹ್ನ ಮನೆಯಲ್ಲಿ ಕೂತು ಆ ಸಾಲು ಟೈಪು ಮಾಡಿದಳು. ಹೆಸರು, ವರ್ಷ, ಸಂಗ್ರಹದ ನಂಬರು. ಶೀರ್ಷಿಕೆ ಬೇರೆ ಬೇಕಿತ್ತು. 'ಬಣ್ಣ ಹಾಕುವ ಬಗೆ, ಸೊಸೆಗೆ ಹೇಳಿದ್ದು' ಎಂದು ಹಾಕಿದಳು. ಅಕಾರಾದಿಯಲ್ಲಿ ಅತ್ತೆ ಒಬ್ಬ ಪ್ರೊಫೆಸರಿಗೂ ಒಂದು ಸರಕಾರಿ ವರದಿಗೂ ನಡುವೆ ಹೋಗಿ ಕೂತರು. ಮಾತು ಉಳಿಯಿತು. ಸಮಾಧಾನವೆನ್ನುವಂಥದ್ದೇನೂ ಆಗಲಿಲ್ಲ.

ಮಗಳು ಶಾಲೆಯಿಂದ ಬಂದು ಬ್ಯಾಗು ಬಿಸಾಕಿದಳು. ಜಡೆ ಅರ್ಧ ಬಿಚ್ಚಿಹೋಗಿತ್ತು. ಇವಳು ಬಾಚಣಿಗೆ ತಗೊಂಡು ಬಾ ಎಂದಳು.