ಗುರುವಾರದ ಮೂರನೇ ಪೀರಿಯಡ್

ಊದುಬತ್ತಿಯ ಹೊಗೆ ಒಂದು ಕ್ಷಣ ನೆಟ್ಟಗೆ ನಿಂತಿತು. ಆಮೇಲೆ ಫ್ಯಾನಿನ ಸೆಳೆತಕ್ಕೆ ಬಾಗಿ ಗಾಜಿನ ಬಾಗಿಲ ಕೆಳಗಿನಿಂದ ಒಳಗೆ ಹೋಯಿತು. ನಿರ್ಮಲ ಕಡ್ಡಿಯನ್ನು ಎಡಕ್ಕೆ ಸರಿಸಿದಳು, ಬಲಕ್ಕೆ ಸರಿಸಿದಳು, ಬಾಗಿಲನ್ನು ಇನ್ನೂ ನಾಲ್ಕು ಬೆರಳು ಎತ್ತಿ ಮತ್ತೆ ಹಿಡಿದಳು. ಎಲ್ಲಿ ಹಿಡಿದರೂ ಹೊಗೆ ಒಳಗೇ ಹೋಗುತ್ತಿತ್ತು. ಫ್ಯೂಮ್ ಹುಡ್ ಎಂದರೆ ಇಷ್ಟೇ: ಆಸಿಡ್ಡಿನ ಕೆಲಸಕ್ಕೆ ಒಂದು ಗಾಜಿನ ಕಪಾಟು, ಅದರೊಳಗಿನ ವಿಷದ ಗಾಳಿಯನ್ನು ಎಳೆದು ಪೈಪಿನ ಮೂಲಕ ಛಾವಣಿಯ ಮೇಲೆ ಬಿಡಲು ಒಂದು ಫ್ಯಾನು. ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಕಲಿತ ಈ ಪರೀಕ್ಷೆಯನ್ನು ಅವಳು ಎಲ್ಲಿ ಪಾಠ ಮಾಡಿದರೂ ಶಾಲೆ ಶುರುವಾಗುವ ಮೊದಲು ಮಾಡಿಯೇ ತೀರುತ್ತಿದ್ದಳು. ಹೋದ ವರ್ಷ ಕೊಚ್ಚಿಯ ಕಾಕ್ಕನಾಡಿನ ಈ ಇಂಟರ್‌ನ್ಯಾಷನಲ್ ಶಾಲೆಗೆ ಸೇರಿದಾಗಲೂ ಮಾಡಿದ್ದಳು. ಹೊಗೆ ಒಳಗೆ ಹೋಗಿತ್ತು. ಪಟ್ಟಿಯಲ್ಲಿ ಗುರುತು ಹಾಕಿದ್ದಳು.

ಕಡ್ಡಿಯನ್ನು ಹುಡ್ಡಿನೊಳಗೆ ಸ್ಟ್ಯಾಂಡಿಗೆ ಸಿಕ್ಕಿಸಿ, ಲೇಬಲ್ಲು ಅಂಟಿಸಲು ಸೆಲೋಟೇಪು ಬೇಕಾಗಿ ಪಕ್ಕದ ಎಲ್‌ಕೆಜಿ ಕೋಣೆಗೆ ಹೋದಳು. ಸೋಮವಾರ ಹೊಸ ವರ್ಷದ ತರಗತಿಗಳು. ಇವತ್ತು ಶನಿವಾರ, ಹನ್ನೊಂದೂವರೆಗೆ ಪೋಷಕರು ಬರುವವರಿದ್ದರು. ಎಲ್‌ಕೆಜಿಯ ಸರೋಜ ಏಣಿಯ ಮೇಲೆ ನಿಂತು ಇಪ್ಪತ್ತೆರಡು ದೇಶಗಳ ಕಾಗದದ ಬಾವುಟಗಳನ್ನು ದಾರಕ್ಕೆ ಕಟ್ಟುತ್ತಿದ್ದಳು.

"ಏನು ಚೇಚಿ, ಲ್ಯಾಬಿಗೂ ಪೂಜೆ ಶುರುವಾಯಿತಾ?" ಎಂದಳು ಮಲಯಾಳದಲ್ಲಿ, ಅಕ್ಕ ಎಂದು ಕರೆಯುತ್ತ. "ಪೂಜೆ ಮಾಡಿದವರು ಪಾಯಸವನ್ನೂ ಕೊಡಬೇಕು."

ನಿರ್ಮಲ ನಗಲು ಹೋಗಿ ನಿಂತಳು. ಕೋಣೆಯ ತುಂಬ ಗಂಧದ ವಾಸನೆ ಇತ್ತು. ಲ್ಯಾಬಿಗೂ ಈ ಕೋಣೆಗೂ ನಡುವೆ ಇಟ್ಟಿಗೆಯ ಗೋಡೆ. ಕಿಟಕಿಗಳು ಏಸಿಗಾಗಿ ಮುಚ್ಚಿದ್ದವು. ಅವಳು ತಲೆಯೆತ್ತಿ ನೋಡಿದಳು. ಏಸಿಯ ಜಾಲರಿಯಿಂದ ಹೊಗೆಯ ನೀಲಿ ಎಳೆಯೊಂದು ತೆಳ್ಳಗೆ ಇಳಿಯುತ್ತಿತ್ತು.

"ಸರೋಜ, ಒಂದು ನಿಮಿಷ ಕೆಳಗಿಳಿ."

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿದಳು. ಫಾಲ್ಸ್ ಸೀಲಿಂಗಿನ ಒಂದು ಹಲಗೆಯನ್ನು ಎತ್ತಿ ಪಕ್ಕಕ್ಕೆ ತಳ್ಳಿ ಫೋನಿನ ಬೆಳಕು ಹಾಯಿಸಿದಳು. ಲ್ಯಾಬಿನ ಗೋಡೆಯಿಂದ ಬೆಳ್ಳಿ ಬಣ್ಣದ ಪೈಪು ಹೊರಬಂದಿತ್ತು. ಆರಡಿ ದೂರ ಬಂದು ಅಲ್ಲೇ ಸೀಲಿಂಗಿನ ಮೇಲೆ ಮಲಗಿತ್ತು, ಬಾಯಿ ತೆರೆದುಕೊಂಡು. ಛಾವಣಿಗೆ ಹೋಗುವ ದಾರಿಯೇ ಇರಲಿಲ್ಲ. ಪೈಪು ಬಿಟ್ಟ ಗಾಳಿಯನ್ನು ಏಸಿ ಅದೇ ಜಾಗದಿಂದ ಎಳೆದುಕೊಂಡು, ತಣ್ಣಗೆ ಮಾಡಿ, ಕೆಳಗೆ ಮಕ್ಕಳ ಚಾಪೆಗಳ ಮೇಲೆ ಸುರಿಯುತ್ತಿತ್ತು. ಕಟ್ಟಡದ ನಕ್ಷೆಯಲ್ಲಿ ಪೈಪು ನೆಟ್ಟಗೆ ಛಾವಣಿಗೆ ಹೋಗಿತ್ತು. ಆ ನಕ್ಷೆಯನ್ನು ಅವಳು ನೋಡಿದ್ದಳು. ನಕ್ಷೆ ನೋಡಿ ಸುಮ್ಮನಾಗಿದ್ದಳು.

ಏಣಿಯಿಂದ ಇಳಿದು ಕೈಯ ಧೂಳನ್ನು ಒರೆಸಿಕೊಂಡು ಕೇಳಿದಳು: "ಹೋದ ವರ್ಷ ಮಕ್ಕಳಿಗೆ ಕಣ್ಣುರಿ, ಕೆಮ್ಮು ಅನ್ನುತ್ತಿದ್ದೆಯಲ್ಲ. ಯಾವಾಗ?"

"ಗುರುವಾರ. ಊಟಕ್ಕೆ ಬಿಡುವ ಮೊದಲು." ಸರೋಜ ಯೋಚಿಸಬೇಕಾಗಲೇ ಇಲ್ಲ. "ತೋಟದವರು ಹುಲ್ಲು ಕತ್ತರಿಸುವ ದಿನ, ಅದರ ಧೂಳು ಅಂತ ಆಫೀಸಿನವರು ಹೇಳಿದರು. ನಾನು ಸಿಕ್‌ರೂಮಿಗೆ ಕಳಿಸುತ್ತಿದ್ದೆ. ಸಿಸ್ಟರ್ ಕಣ್ಣಿಗೆ ಹನಿ ಹಾಕಿ ವಾಪಸು ಕಳಿಸುತ್ತಿದ್ದರು."

"ಎಲ್ಲಿಗೆ?"

"ಎಲ್ಲಿಗೆ ಅಂದರೆ? ಇಲ್ಲಿಗೇ."

ಗುರುವಾರದ ಮೂರನೇ ಪೀರಿಯಡ್ ಹನ್ನೊಂದನೇ ತರಗತಿಯ ಪ್ರಾಕ್ಟಿಕಲ್. ಲವಣಗಳ ವಿಶ್ಲೇಷಣೆ. ಹನ್ನೆರಡು ವಿದ್ಯಾರ್ಥಿಗಳು, ನೈಟ್ರಿಕ್ ಆಸಿಡ್, ಪರೀಕ್ಷಾ ನಳಿಕೆಯಿಂದ ಏಳುವ ಕಂದು ಅನಿಲ. ಹುಡ್ಡಿನ ಹೊರಗೆ ನಳಿಕೆ ಬಿಸಿ ಮಾಡಿದವರನ್ನು ಅವಳು ಕ್ಲಾಸಿನಿಂದಲೇ ಹೊರಗೆ ಕಳಿಸಿದ್ದಳು. ಅವಳ ವಿದ್ಯಾರ್ಥಿಗಳು ಶಿಸ್ತಿನವರು, ಎಲ್ಲವನ್ನೂ ಹುಡ್ಡಿನೊಳಗೇ ಮಾಡಿದ್ದರು. ಅವರು ಶಿಸ್ತಿನಿಂದ ಮಾಡಿದ್ದೆಲ್ಲ ಈ ಕೋಣೆಗೆ ಬಂದಿತ್ತು. ಎಷ್ಟು ಗುರುವಾರ ಎಂದು ಎಣಿಸಿದಳು. ರಜೆಗಳನ್ನು ಕಳೆದು ಇಪ್ಪತ್ತಮೂರು.

ಕಾರಿಡಾರಿನ ಕೊನೆಗೆ ಹೋಗಿ ಗಂಡನಿಗೆ ಫೋನು ಮಾಡಿದಳು. ವೀರಭದ್ರ ತಿರುವನಂತಪುರದಲ್ಲಿ, ತುಂಬಾ ಎಂಬಲ್ಲಿನ ಕ್ವಾರ್ಟರ್ಸಿನಲ್ಲಿ ಒಬ್ಬನೇ ಇದ್ದ. ಬಾಹ್ಯಾಕಾಶ ಕೇಂದ್ರದಲ್ಲಿ ಎಂಜಿನಿಯರು. ಮಗಳು ಮಹತಿಗೆ ಒಳ್ಳೆಯ ಶಾಲೆ ಸಿಗಲಿ ಎಂದು ಹೋದ ವರ್ಷ ತಾಯಿ ಮಗಳು ಇಬ್ಬರೇ ಕೊಚ್ಚಿಗೆ ಬಂದಿದ್ದರು. ಶಿಕ್ಷಕಿಯ ಮಗಳೆಂದು ಮಹತಿಗೆ ಇಲ್ಲಿ ಸೀಟು ಸಿಕ್ಕಿತ್ತು.

ಪೂರ್ತಿ ಕೇಳಿಸಿಕೊಂಡು ಅವನೆಂದ: "ಆತು, ತಪ್ಪು ಐತಿ, ಒಪ್ಪೀನಿ. ಇವತ್ತ ಹೇಳಬೇಕೇನು? ಬಾಯಿ ಮಾತಿನ್ಯಾಗ ಸರಿ ಮಾಡಸೂದು ನೋಡು. ಮಹತಿದು ಹತ್ತನೇ ಕ್ಲಾಸ್ ಐತಿ ಈ ವರ್ಷ."

"ಒಂದು ವಾಲ್ವಿನ ಮ್ಯಾಲೆ ಸಂಶೆ ಬಂದ್ರ ನೀವು ರಾಕೆಟ್ ನಿಲ್ಲಸ್ತೀರಿ."

"ಅದು ಬ್ಯಾರೆ, ನಿರ್ಮಲಾ."

"ಏನ್ ಬ್ಯಾರೆ? ರಾಕೆಟ್ಟಿನ್ಯಾಗ ಯಾರೂ ಕುಂತಿರಂಗಿಲ್ಲ. ಇಲ್ಲಿ ನಾಕು ವರ್ಷದ ಕೂಸುಗಳು ಕುಂತಿದ್ವು."

"ಸಂಜಿಗೆ ಮಾತಾಡೂಣು" ಎಂದ. ಅವಳು ಫೋನು ಇಟ್ಟಳು.

ಪ್ರಿನ್ಸಿಪಾಲರ ಕೋಣೆಯಲ್ಲಿ ಶ್ರೀಪತಿ ಇದ್ದರು. ಕಾಸರಗೋಡಿನವರು, ಹಿಂದೆ ವಕೀಲಿಕೆ ಮಾಡುತ್ತಿದ್ದವರು, ಈಗ ಶಾಲೆಯ ಆಡಳಿತವೆಲ್ಲ ಅವರ ಕೈಯಲ್ಲಿ. ಹೋದ ವರ್ಷ ಮನೆ ಹುಡುಕಿಕೊಟ್ಟದ್ದು ಅವರೇ. ಮೊದಲ ಭಾನುವಾರ ಹೆಂಡತಿಯ ಕೈಯಲ್ಲಿ ಪತ್ರೊಡೆ ಮಾಡಿಸಿ ತಂದು, "ಈ ಊರಲ್ಲಿ ಕನ್ನಡ ಮಾತಾಡ್ಲಿಕ್ಕೆ ನಾವಾದರೂ ಇದ್ದೇವಲ್ಲ" ಎಂದಿದ್ದರು. ಆವತ್ತು ನಿರ್ಮಲಳ ಕಣ್ಣು ತುಂಬಿತ್ತು. ಮೇಜಿನ ಆಚೆ ಹೊಸ ಪ್ರಿನ್ಸಿಪಾಲ್. ಸ್ಕಾಟ್‌ಲೆಂಡಿನಿಂದ ಬಂದು ಹತ್ತು ದಿನವಾಗಿದ್ದ, ಬಿಸಿಲಿಗೆ ಮೂಗು ಕೆಂಪಾಗಿದ್ದ ಹೆಂಗಸು.

"ಬನ್ನಿ, ನಿಮ್ಮದೇ ಒಂದು ಬಾಕಿ" ಎಂದು ಆಕೆ ಇಂಗ್ಲಿಷಿನಲ್ಲಿ ಹೇಳಿ ಕಾಗದವನ್ನು ಮುಂದೆ ಸರಿಸಿದಳು. ಪ್ರಯೋಗಾಲಯ ಸುರಕ್ಷಿತವಾಗಿದೆ ಎಂದು ವಿಜ್ಞಾನ ವಿಭಾಗದ ಮುಖ್ಯಸ್ಥೆಯಾಗಿ ನಿರ್ಮಲ ಪ್ರತಿ ವರ್ಷ ಸಹಿ ಮಾಡಿಕೊಡಬೇಕಾದ ಕಾಗದ. ಅದನ್ನು ಇವತ್ತು ಪೋಷಕರಿಗೆ ತೋರಿಸುವುದಿತ್ತು.

"ಹುಡ್ಡಿನದು ಒಂದು ತೊಂದರೆ ಇದೆ" ಎಂದು ನಿರ್ಮಲ ಶುರುಮಾಡುವಷ್ಟರಲ್ಲಿ ಶ್ರೀಪತಿ ಕನ್ನಡದಲ್ಲಿ ಬಾಯಿ ಹಾಕಿದರು. ಮುಖದ ಮೇಲೆ ನಗು ಹಾಗೇ ಇತ್ತು.

"ಎಂತ ತೊಂದರೆ ಟೀಚರೇ, ಆ ಪೈಪಿನದ್ದಾ?"

ನಿರ್ಮಲ ಅವರ ಮುಖ ನೋಡಿದಳು. ಅವಳು ಇನ್ನೂ ಪೈಪಿನ ಮಾತೇ ಎತ್ತಿರಲಿಲ್ಲ.

"ನಿಮಗ ಗೊತ್ತಿತ್ತೇನ್ರಿ?"

"ಕಂಟ್ರಾಕ್ಟರು ಅರ್ಧ ಬಿಟ್ಟು ಹೋದದ್ದು. ಕೋರ್ಟಲ್ಲಿ ಕೇಸುಂಟು, ಅದು ಮುಗಿಯದೆ ಕೈ ಹಾಕ್ಲಿಕ್ಕಿಲ್ಲ. ಓಣಂ ರಜೆಯಲ್ಲಿ ಏನಾದರೂ ಮಾಡಿಸುವ. ಈಗ ಸೈನ್ ಮಾಡಿ ಬಿಡಿ."

"ಮಕ್ಕಳು ಕೆಮ್ಮತಿದ್ವು, ಶ್ರೀಪತಿ ಸರ್. ವರ್ಷಪೂರ್ತಿ."

"ಮಕ್ಕಳು ಅಂದ ಮೇಲೆ ಕೆಮ್ಮುದೇ. ನಿಮ್ಮ ಸೀರೆಯಲ್ಲೇ ವಾಸನೆ ಉಂಟು, ಒಂದು ಊದುಬತ್ತಿ ಹಚ್ಚಿ ಇಷ್ಟು ಬೊಬ್ಬೆ ಹೊಡೀಬೇಡಿ. ಮತ್ತೆ ಒಂದು ವಿಷಯ ನೆನಪಿರಲಿ. ಹೋದ ವರ್ಷದ ಕಾಗದದಲ್ಲಿ ಸೈನ್ ಯಾರದ್ದು? ನಿಮ್ಮದೇ. ಇದು ಹೊರಗೆ ಬಂದರೆ ಮೊದಲು ಸಿಕ್ಕಿಬೀಳುವುದು ನೀವು, ನಾನಲ್ಲ. ಮಹತಿ ಹತ್ತನೇ ಅಲ್ಲವಾ ಈ ಸಲ? ಈಗ ಎಲ್ಲಿ ಬೇರೆ ಶಾಲೆ ಹುಡುಕ್ತೀರಿ? ನಮ್ಮವರು ಅಂತ ಹೇಳುವುದು ನಾನು."

ಪ್ರಿನ್ಸಿಪಾಲ್ ಇಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿ ಮುಗುಳ್ನಕ್ಕಳು. "ನಿಮ್ಮದೇ ಭಾಷೆಯಲ್ಲಿ ಮಾತಾಡಲು ಒಬ್ಬರು ಇರುವುದು ಎಷ್ಟು ಹಿತವಲ್ಲವೇ" ಎಂದಳು.

ವರ್ಷವಿಡೀ ಈ ಕಟ್ಟಡದಲ್ಲಿ ಕನ್ನಡ ಕೇಳಿದಾಗಲೆಲ್ಲ ನಿರ್ಮಲಳ ಭುಜಗಳು ಸಡಿಲವಾಗುತ್ತಿದ್ದವು. ಅದು ಈ ಮನುಷ್ಯನಿಗೆ ಗೊತ್ತಿತ್ತು. ಹುಲ್ಲಿನ ಧೂಳು ಎಂದು ಸರೋಜಳಿಗೆ ಹೇಳಿದ ಆಫೀಸಿನವರು ಯಾರು ಎಂದು ಈಗ ಕೇಳಬೇಕಾಗಿರಲಿಲ್ಲ.

"ಹೌದು" ಎಂದಳು ಪ್ರಿನ್ಸಿಪಾಲಿಗೆ, ಇಂಗ್ಲಿಷಿನಲ್ಲಿ. "ಅವರು ಏನು ಹೇಳಿದರೆಂದು ನಿಮಗೂ ತಿಳಿಸುತ್ತೇನೆ."

"ಟೀಚರೇ, ಬೇಡ" ಎಂದರು ಶ್ರೀಪತಿ.

"ಈಗ ಹೇಳಿದ್ದು, ಬೇಡ ಅಂತ. ಅದಕ್ಕೆ ಮೊದಲು ಹೇಳಿದ್ದು, ಹುಡ್ಡಿನ ಪೈಪು ಛಾವಣಿಗೆ ಹೋಗದೆ ಅರ್ಧಕ್ಕೇ ನಿಂತಿರುವುದು ಅವರಿಗೆ ಮೊದಲೇ ಗೊತ್ತಿತ್ತು ಅಂತ. ಅದರ ಗಾಳಿ ಎಲ್‌ಕೆಜಿ ಕೋಣೆಗೆ ಬರುತ್ತದೆ. ಹೋದ ವರ್ಷ ಇಪ್ಪತ್ತಮೂರು ಗುರುವಾರ ಬಂದಿದೆ. ನೈಟ್ರಿಕ್ ಆಸಿಡ್ಡಿನ ಅನಿಲ." ಲ್ಯಾಬಿನಲ್ಲಿ ಹಂತಗಳನ್ನು ಹೇಳಿಕೊಡುವ ಹಾಗೆ ಒಂದೊಂದೇ ವಾಕ್ಯವಾಗಿ ಹೇಳಿದಳು, ಯಾವುದನ್ನೂ ಬಿಡದೆ. "ಕೋರ್ಟಿನಲ್ಲಿ ಕೇಸಿದೆ, ಓಣಂ ರಜೆಯಲ್ಲಿ ಏನಾದರೂ ಮಾಡಿಸೋಣ, ಈಗ ಸಹಿ ಮಾಡಿ ಎಂದರು. ಮಕ್ಕಳು ಕೆಮ್ಮುವುದು ಸಹಜ ಎಂದರು. ಹೋದ ವರ್ಷದ ಕಾಗದದಲ್ಲಿ ನನ್ನ ಸಹಿ ಇದೆ, ಸಿಕ್ಕಿಬೀಳುವವಳು ನಾನೇ ಎಂದರು. ಅದು ನಿಜ. ನನ್ನ ಮಗಳ ಸೀಟಿನ ಮಾತೂ ಬಂತು."

ಪ್ರಿನ್ಸಿಪಾಲಳ ನಗು ತಕ್ಷಣ ಹೋಗಲಿಲ್ಲ. ಎಲ್ಲಿ ಇಳಿಸಬೇಕೆಂದು ತಿಳಿಯದ ಸಾಮಾನಿನಂತೆ ಸ್ವಲ್ಪ ಹೊತ್ತು ಮುಖದ ಮೇಲೆಯೇ ಉಳಿಯಿತು. "ಸಹಿ ನಿಮ್ಮದೇ?" ಎಂದು ಕೇಳಿದಳು.

"ನನ್ನದೇ. ಹೊಗೆ ಒಳಗೆ ಹೋಗುತ್ತದೆಯೇ ಎಂದು ನೋಡಿದ್ದೆ. ಎಲ್ಲಿ ಹೊರಗೆ ಬರುತ್ತದೆ ಎಂದು ನೋಡಲಿಲ್ಲ."

"ನೋಡಿ, ಇವರು ಸ್ವಲ್ಪ ಉದ್ವೇಗದಲ್ಲಿ" ಎಂದು ಶ್ರೀಪತಿ ಇಂಗ್ಲಿಷಿನಲ್ಲಿ ಶುರುಮಾಡಿದರು. ಪ್ರಿನ್ಸಿಪಾಲ್ ಕೈಯೆತ್ತಿ ಅವರನ್ನು ತಡೆದಳು. ಎದ್ದು, ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡಳು. "ತೋರಿಸಿ" ಎಂದಳು. "ಆಮೇಲೆ ನಿಮ್ಮಿಬ್ಬರ ಜೊತೆಗೂ ಮಾತಾಡುವುದಿದೆ. ನಿಮ್ಮ ಜೊತೆಗೂ" ಎಂದಳು, ಕೊನೆಯ ಮಾತಿಗೆ ನಿರ್ಮಲಳ ಕಡೆ ತಿರುಗಿ.

ಮೂವರೂ ಎಲ್‌ಕೆಜಿ ಕೋಣೆ ತಲುಪುವಾಗ ಕೆಲವು ತಾಯಂದಿರು ಮೊದಲೇ ಬಂದುಬಿಟ್ಟಿದ್ದರು. ಏಣಿ ಅಲ್ಲೇ ನಿಂತಿತ್ತು, ಸೀಲಿಂಗಿನಲ್ಲಿ ಚೌಕಾಕಾರದ ಕಪ್ಪು ತೂತು. ಪ್ರಿನ್ಸಿಪಾಲ್ ಮೂರು ಮೆಟ್ಟಿಲು ಹತ್ತಿ ನೋಡಿದಳು, ಇಳಿದಳು, ಎಲ್ಲರೂ ದಯವಿಟ್ಟು ಲೈಬ್ರರಿಗೆ ಬನ್ನಿ ಎಂದಳು.

"ಏನಾಗಿದೆ ಇಲ್ಲಿ?" ಎಂದು ನಿಹಾರಿಕಾಳ ತಾಯಿ ಕೇಳಿದಳು. ಹೋದ ವರ್ಷ ಈ ಕೋಣೆಯಲ್ಲಿದ್ದ ಮಗಳನ್ನು ಸರೋಜಳಿಗೆ ತೋರಿಸಲು ಕರೆತಂದಿದ್ದಳು. ದುಬೈಯಿಂದ ವಾಪಸಾಗಿ ಇಲ್ಲಿನ ಫ್ಲ್ಯಾಟೊಂದರಲ್ಲಿ ನೆಲೆಸಿದವಳು. ಮಗು ಅವಳ ಕೈಬೆರಳು ಹಿಡಿದು ನಿಂತಿತ್ತು.

"ಸಣ್ಣ ಮೇಂಟೆನೆನ್ಸ್" ಎಂದರು ಶ್ರೀಪತಿ.

"ಅಲ್ಲ" ಎಂದಳು ನಿರ್ಮಲ, ಮಲಯಾಳದಲ್ಲಿ. ಪ್ರಿನ್ಸಿಪಾಲ್ ಅವಳ ಹೆಸರನ್ನು ಮೆಲ್ಲನೆ ಕರೆದಳು. ಅವಳು ನಿಲ್ಲಿಸಲಿಲ್ಲ. ಪೈಪು, ಗುರುವಾರ, ಅನಿಲ, ತನ್ನ ಸಹಿ, ಎಲ್ಲವನ್ನೂ ಹೇಳಿದಳು. ಹೇಳಿ ಮುಗಿದ ಮೇಲೆ ಹಗುರಾಗುತ್ತದೆ ಎಂದುಕೊಂಡಿದ್ದಳೇನೋ, ಹಾಗೇನೂ ಆಗಲಿಲ್ಲ.

ತಾಯಿ ಅವಳನ್ನೇ ನೋಡಿದಳು. ಶ್ರೀಪತಿಯ ಕಡೆಗೂ, ಸೀಲಿಂಗಿನ ಕಡೆಗೂ ನೋಡಲಿಲ್ಲ.

"ನೀವು ಕೆಮಿಸ್ಟ್ರಿ ಟೀಚರಲ್ಲವೇ?"

"ಹೌದು."

"ಇವಳ ಕೆಮ್ಮಿಗೆ ಮನೆಯಲ್ಲಿ ಏನೋ ಅಲರ್ಜಿ ಇರಬೇಕು ಅಂದರು ಡಾಕ್ಟರು. ಕಾರ್ಪೆಟ್ ತೆಗೆದೆವು. ಪರದೆಗಳನ್ನು ತೆಗೆದೆವು. ಇವಳ ಬೆಕ್ಕನ್ನು ಆಲುವಾದಲ್ಲಿ ಯಾರಿಗೋ ಕೊಟ್ಟು ಬಂದೆವು. ಒಂದು ತಿಂಗಳು ಅತ್ತಳು. ಅಷ್ಟೆಲ್ಲ ಮಾಡಿ ಗುರುವಾರ ಬೆಳಿಗ್ಗೆ ತಲೆ ಬಾಚಿ ನಾನೇ ಇಲ್ಲಿ ತಂದು ಬಿಡುತ್ತಿದ್ದೆ." ಅವಳ ದನಿ ಏರಲಿಲ್ಲ. "ಸಹಿ ಮಾಡುವಾಗ ಒಂದು ಸಲ ಈ ಕೋಣೆಗೆ ಬಂದು ನಿಲ್ಲಬೇಕು ಅಂತ ನಿಮಗೆ ಅನಿಸಲಿಲ್ಲವೇ?"

"ಬರಬೇಕಿತ್ತು" ಎಂದಳು ನಿರ್ಮಲ.

"ಬೆಕ್ಕು ವಾಪಸು ಬರುತ್ತಾ?" ಎಂದು ನಿಹಾರಿಕಾ ಕೇಳಿದಳು. ತಾಯಿ ಅವಳನ್ನು ಎತ್ತಿಕೊಂಡು ಕಾರಿಡಾರಿಗೆ ನಡೆದಳು. ಉಳಿದವರು ಹಿಂದೆಯೇ ಹೋದರು. ಪ್ರಿನ್ಸಿಪಾಲಳೂ ಹೋದಳು. ಶ್ರೀಪತಿ ಬಾಗಿಲ ಹೊರಗೆ ನಿಂತು ಯಾರಿಗೋ ಫೋನಿನಲ್ಲಿ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು, ಈಗ ಮಲಯಾಳದಲ್ಲಿ.

ಸರೋಜ ಏಸಿ ನಿಲ್ಲಿಸಿದಳು. ಕೋಣೆ ಸೆಕೆಯಾಗತೊಡಗಿತು. ನಿರ್ಮಲ ಕಿಟಕಿಯ ಹತ್ತಿರ ಹೋಗಿ ಚಿಲಕ ಎಳೆದಳು. ಅದು ಬಂತು, ಬಾಗಿಲು ಬರಲಿಲ್ಲ. ಚೌಕಟ್ಟನ್ನೂ ಬಾಗಿಲನ್ನೂ ಸೇರಿಸಿ ದಪ್ಪಗೆ ಬಿಳಿ ಬಣ್ಣ ಬಳಿದಿದ್ದರು.

"ಅದನ್ನು ಯಾವತ್ತೂ ತೆಗೆದಿಲ್ಲ ಚೇಚಿ" ಎಂದಳು ಸರೋಜ.

"ಒಂದು ಸ್ಟೀಲಿನ ಸ್ಕೇಲ್ ಕೊಡು."

ಸ್ಕೇಲಿನ ಅಂಚನ್ನು ಮೇಲಿನ ಮೂಲೆಯ ಸಂದಿಗೆ ಒತ್ತಿ ಕೆಳಗೆ ಎಳೆದಳು. ಬಣ್ಣ ಬಿರಿಯಿತು. ಒಂದು ಬದಿ ಮುಗಿದ ಮೇಲೆ ಇನ್ನೊಂದು ಬದಿ, ಆಮೇಲೆ ಮತ್ತೆ ಮೊದಲಿನದು. ಅಂಗೈಗೆ ಸ್ಕೇಲು ಕೊರೆಯುತ್ತಿತ್ತು. ಹೊರಗೆ ಮಳೆ ಶುರುವಾಗಿ ಗಾಜಿನ ಮೇಲೆ ನೀರು ಇಳಿಯತೊಡಗಿತು. ಬಿಳಿಯ ಚಕ್ಕೆಗಳು ಒಂದೊಂದಾಗಿ ಉದುರಿ, ಗೋಡೆಯ ಬುಡದಲ್ಲಿ ಸಾಲಾಗಿ ಇಟ್ಟಿದ್ದ ಪುಟ್ಟ ಚಪ್ಪಲಿಗಳ ಪೆಟ್ಟಿಗೆಗಳ ಮೇಲೆ ಬೀಳುತ್ತಿದ್ದವು.